ಪಕ್ಕಂತ ಬಂದು ಹೋಗುವ ಆ ಕಪ್ಪು ವಿಂಡೋ

ಮಂಡ್ಯದ ನೂರಡಿ ರಸ್ತೆಯಲ್ಲಿ ನನಗೆ ಪರಿಚಯದ ಒಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ತಿಥಿ ಕಾರ್ಡು, ಸಂಘದ ವರದಿ ಅಂತ ಬೆಳಗಿನಿಂದ ರಾತ್ರಿವರೆಗೆ ಕೆಲಸ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಟಗಳನ್ನು ತಿದ್ದಬಹುದಾದ ಪಠ್ಯವಾಗಿ ಮಾಡುವ ಒಂದು ಚಿಕ್ಕ ಅಪ್ಲಿಕೇಶನ್ ಅವರಿಗೆ ಬರೆದುಕೊಟ್ಟಿದ್ದೆ. ಮೊದಲ ದಿನವೇ ಮಾಲೀಕರು ಫೋನ್ ಮಾಡಿದರು. "ಸಾರ್, ಬಟನ್ ಒತ್ತಿದ್ರೆ ಕಪ್ಪಗೆ ಏನೋ ಪಕ್ಕಂತ ಬಂದು ಹೋಯ್ತದೆ. ವೈರಸ್ ಗಿರಸ್ ಅಲ್ಲ ತಾನೆ?"

ಎರಡು ದಿನ ಬಿಟ್ಟು, ಅಲ್ಲಿನ ಆಪರೇಟರ್ ಹುಡುಗ ಆ ವಿಂಡೋ ಅಡ್ಡ ಬಂತು ಅಂತ ಮೂಲೆಯ ಎಕ್ಸ್ ಒತ್ತಿಬಿಟ್ಟ. ಒಳಗೆ ನಡೆಯುತ್ತಿದ್ದ ಕೆಲಸ ಅರ್ಧಕ್ಕೇ ಸತ್ತಿತು. ತಪ್ಪು ಅವನದಲ್ಲ. ಬೇಡದ್ದು ಕಂಡರೆ ಯಾರಾದರೂ ಮುಚ್ಚುತ್ತಾರೆ, ಅಲ್ವಾ?

ಅಕ್ಷರ ಗುರುತಿಸುವ ಕೆಲಸ ನನ್ನ ಅಪ್ಲಿಕೇಶನ್ನಿನದಲ್ಲ. ಅದನ್ನು ಮಾಡುವುದು ಟೆಸೆರಾಕ್ಟ್. 1985ರಿಂದ 1994ರವರೆಗೆ ಎಚ್‌ಪಿ ಕಂಪನಿಯಲ್ಲಿ ಬೆಳೆದು, 2005ರಲ್ಲಿ ಎಲ್ಲರಿಗೂ ಮುಕ್ತವಾದ ತಂತ್ರಾಂಶ ಇದು. ಕನ್ನಡವನ್ನೂ ಓದುತ್ತದೆ. ಆದರೆ ಇದಕ್ಕೆ ತನ್ನದೇ ಬಟನ್ನು, ಮೆನು ಏನೂ ಇಲ್ಲ. ಆದೇಶ ಟೈಪ್ ಮಾಡಿಯೇ ಓಡಿಸಬೇಕು. ವಿಡಿಯೋಗೆ ಎಫ್‌ಎಫ್‌ಎಂಪೆಗ್, ಪಿಡಿಎಫ್‌ಗೆ ಘೋಸ್ಟ್‌ಸ್ಕ್ರಿಪ್ಟ್, ಇವೂ ಹಾಗೆಯೇ. ನಾವು ದಿನಾ ಬಳಸುವ ಎಷ್ಟೋ ಚೆಂದದ ಅಪ್ಲಿಕೇಶನ್‌ಗಳ ಹಿಂದೆ ದುಡಿಯುವುದು ಇಂಥವೇ.

ಹಾಗಾದರೆ ಕಪ್ಪು ವಿಂಡೋ ಬಂದದ್ದು ಎಲ್ಲಿಂದ? ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಒಂದು ಪ್ರೋಗ್ರಾಂ ಓಡಿದರೆ ಇಡೀ ಪರದೆ ಅದರದ್ದೇ. 1993ರಲ್ಲಿ ವಿಂಡೋಸ್ ಎನ್‌ಟಿ ಬಂತು. ಅದು ಪ್ರತಿ ಪ್ರೋಗ್ರಾಂ ಫೈಲಿನ ತಲೆಯಲ್ಲೇ ಒಂದು ಸಂಖ್ಯೆ ಬರೆದಿಡುವ ಕ್ರಮ ತಂದಿತು. 2 ಅಂತಿದ್ದರೆ ಚಿತ್ರಪರದೆಯ ಪ್ರೋಗ್ರಾಂ, 3 ಅಂತಿದ್ದರೆ ಕನ್ಸೋಲ್ ಪ್ರೋಗ್ರಾಂ, ಅಂದರೆ ಅಕ್ಷರ ಮಾತ್ರ ತೋರಿಸುವ ಕಪ್ಪು ವಿಂಡೋದಲ್ಲಿ ಓಡುವಂಥದ್ದು. 3 ಇರುವ ಪ್ರೋಗ್ರಾಮನ್ನು ಕನ್ಸೋಲ್ ಇಲ್ಲದವರು ಕರೆದರೆ, ವಿಂಡೋಸ್ ತಾನಾಗಿಯೇ ಹೊಸ ಕನ್ಸೋಲ್ ತೆರೆದುಕೊಡುತ್ತದೆ. ಅಕ್ಷರ ಬರೆಯುವ ಪ್ರೋಗ್ರಾಮಿಗೆ ಬರೆಯಲು ಜಾಗ ಬೇಕಲ್ಲ ಅನ್ನುವ ಲೆಕ್ಕ. ಅಂದರೆ ಆ ವಿಂಡೋ ಟೆಸೆರಾಕ್ಟ್ ತೆರೆದದ್ದೂ ಅಲ್ಲ, ನಾನು ತೆರೆದದ್ದೂ ಅಲ್ಲ.

ವಿಂಡೋಸಿನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಯುನಿಕ್ಸ್ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಆದೇಶ ಟೈಪ್ ಮಾಡುವ ಟರ್ಮಿನಲ್ ಬೇರೆ, ಪ್ರೋಗ್ರಾಂ ಬೇರೆ. 1973ರಲ್ಲಿ ಡಗ್ ಮೆಕಿಲ್‌ರಾಯ್ ಅವರ ಆಲೋಚನೆಯಂತೆ ಪೈಪ್ ಬಂದ ಮೇಲೆ, ಒಂದು ಪ್ರೋಗ್ರಾಮಿನ ಮಾತು ಇನ್ನೊಂದರ ಕಿವಿಗೆ ನೇರ ಹೋಗುವುದು ಅಲ್ಲಿ ಮಾಮೂಲಾಯಿತು. ಅದಕ್ಕೇ ಇವತ್ತಿಗೂ ಅದೇ ದಾರಿಯಲ್ಲಿ ನಡೆಯುವ ಲಿನಕ್ಸ್‌ನಲ್ಲಿ ಈ ಕಪ್ಪು ವಿಂಡೋ ಕಾಟವಿಲ್ಲ.

ಬರೆಯುವಾಗ ನನಗೇಕೆ ಇದು ಕಾಣಲಿಲ್ಲ? ನಾನು ಅಪ್ಲಿಕೇಶನ್ ಓಡಿಸುತ್ತಿದ್ದದ್ದೇ ಕಪ್ಪು ವಿಂಡೋ ಒಳಗಿಂದ. ಟೆಸೆರಾಕ್ಟ್ ಅದನ್ನೇ ಹಂಚಿಕೊಂಡು ಸುಮ್ನೆ ಕೆಲಸ ಮಾಡಿತು. ಅಂಗಡಿಯಲ್ಲಿ ಐಕಾನ್ ಒತ್ತಿ ತೆರೆದಾಗ ಹಂಚಿಕೊಳ್ಳಲು ಏನೂ ಇರಲಿಲ್ಲ.

ಮುಚ್ಚಿಡುವ ದಾರಿಗಳು ಒಂದೊಂದಾಗಿ ಬಂದವು. ಪ್ರೋಗ್ರಾಂ ಬರೆಯುವ ಹಳೆಯ ಭಾಷೆ ವಿಬಿ 6ರಲ್ಲಿ, ಬೇರೆ ಪ್ರೋಗ್ರಾಂ ಓಡಿಸುವ ಶೆಲ್ ಆಜ್ಞೆಗೆ 'ವಿಬಿ ಹೈಡ್' ಸೇರಿಸುತ್ತಿದ್ದರು. ಡಾಟ್‌ನೆಟ್‌ನಲ್ಲಿ 'ಕ್ರಿಯೇಟ್ ನೋ ವಿಂಡೋ' ಅನ್ನುವ ಆಯ್ಕೆ ಬಂತು, ಆದರೆ 'ಯೂಸ್ ಶೆಲ್ ಎಕ್ಸಿಕ್ಯೂಟ್' ಚಾಲೂ ಇದ್ದರೆ ಅದಕ್ಕೆ ಬೆಲೆಯೇ ಇಲ್ಲ. ಪೈಥಾನ್‌ನಲ್ಲಿ 2004ರಲ್ಲೇ ಬೇರೆ ಪ್ರೋಗ್ರಾಂ ಓಡಿಸುವ ಸಬ್‌ಪ್ರೋಸೆಸ್ ಇತ್ತು. ವಿಂಡೋ ಬೇಡ ಎನ್ನುವ ಸೂಚನೆಗೆ ಅದರಲ್ಲೊಂದು ಹೆಸರು ಸಿಕ್ಕಿದ್ದು 2018ರ 3.7ರಲ್ಲಿ. ಇವೆಲ್ಲದರ ಬೇರು, ಹೊಸ ಪ್ರೋಗ್ರಾಂ ಎಬ್ಬಿಸುವ ವಿಂಡೋಸಿನ 'ಕ್ರಿಯೇಟ್ ಪ್ರೋಸೆಸ್'. ಅದರಲ್ಲೇ 'ಡಿಟ್ಯಾಚ್ಡ್ ಪ್ರೋಸೆಸ್' ಅನ್ನುವ ಇನ್ನೊಂದು ಸೂಚನೆಯೂ ಇದೆ. ಅದನ್ನು ಹಾಕಿದರೆ ನಾವು ಕರೆದ ಮಗ ಪ್ರೋಗ್ರಾಮಿಗೆ ಕನ್ಸೋಲೇ ಇರುವುದಿಲ್ಲ, ಅದು ಕರೆದ ಮೊಮ್ಮಗ ಪ್ರೋಗ್ರಾಂ ಎದ್ದಾಗ ಮತ್ತೆ ಕಪ್ಪು ವಿಂಡೋ ಹಾಜರ್. 'ನೋ ವಿಂಡೋ' ಹಾಕಿದರೆ ಕಾಣದ ಒಂದು ಕನ್ಸೋಲ್ ಇರುತ್ತದೆ, ಮೊಮ್ಮಗನೂ ಅದನ್ನೇ ಬಳಸುತ್ತಾನೆ. ನಾನು ಆರಿಸುವುದು ಇದನ್ನೇ.

ಆದರೆ ನಿಜವಾದ ಕಷ್ಟ ಶುರುವಾಗುವುದು ವಿಂಡೋ ಮಾಯವಾದ ಮೇಲೆ. ಆ ಕರಿ ಪೆಟ್ಟಿಗೆ ಕೊಳಕಾಗಿ ಕಂಡರೂ ಒಂದು ಉಪಕಾರ ಮಾಡುತ್ತಿತ್ತು. ತಪ್ಪಾದರೆ ಅಲ್ಲೇ ಹೇಳುತ್ತಿತ್ತು. ಎಫ್‌ಎಫ್‌ಎಂಪೆಗ್ ಅದೇ ಹೆಸರಿನ ಫೈಲು ಕಂಡರೆ ಅಳಿಸಿ ಬರೆಯಲೇ ಅಂತ ಕೇಳುತ್ತದೆ. ಕಾಣದ ಕನ್ಸೋಲಿನಲ್ಲಿ ಕೇಳಿದರೆ ಉತ್ತರ ಕೊಡುವವರು ಯಾರು? ಅದು ಕಾಯುತ್ತದೆ, ಅಪ್ಲಿಕೇಶನ್ ಕಾಯುತ್ತದೆ, ಎದುರು ಕೂತವರೂ ಕಾಯುತ್ತಾರೆ. ಕಾಣದ ಪ್ರೋಗ್ರಾಂ ಹೇಳುವುದನ್ನು ಅಪ್ಲಿಕೇಶನ್ ಓದುವುದು ಪೈಪಿನ ಮೂಲಕ, ಅದರದ್ದು ಇನ್ನೊಂದು ಕಥೆ. ಅದರೊಳಗೆ ಹಿಡಿಸುವುದು ಸ್ವಲ್ಪವೇ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 64 ಕಿಲೋಬೈಟ್. ಬಂದದ್ದನ್ನು ಓದದೆ ಬಿಟ್ಟರೆ ಕಟ್ಟಿಕೊಂಡ ಚರಂಡಿಯ ಹಾಗೆ ತುಂಬುತ್ತದೆ. ಬರೆಯುತ್ತಿದ್ದ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಮಾಮೂಲಿ ಮಾತಿಗೆ ಒಂದು ಪೈಪು, ದೋಷದ ಮಾತಿಗೆ ಇನ್ನೊಂದು. ಎರಡನ್ನೂ ಒಟ್ಟೊಟ್ಟಿಗೆ ಓದುತ್ತಿರಲೇಬೇಕು.

ನಮ್ಮವರಿಗೆ ಇದರ ಜೊತೆ ಒಂದು ಕಷ್ಟ ಜಾಸ್ತಿ. ವಿಂಡೋಸಿನ ಹಳೆಯ ಕೋಡ್ ಪೇಜ್ ಪದ್ಧತಿಯಲ್ಲಿ, ಅಂದರೆ ಒಂದೊಂದು ಗುಂಪಿನ ಭಾಷೆಗಳ ಅಕ್ಷರಗಳಿಗೆ ಒಂದೊಂದು ಸಂಖ್ಯಾಪಟ್ಟಿ ಇಡುವ ಕ್ರಮದಲ್ಲಿ, ಇಡೀ ಸಿಸ್ಟಂಗೆ ಆರಿಸಿಕೊಳ್ಳಬಹುದಾದ ಕನ್ನಡದ ಪಟ್ಟಿ ಇರಲಿಲ್ಲ. ಕನ್ನಡ ಅಲ್ಲಿಗೆ ಬಂದದ್ದೇ ಎಲ್ಲ ಭಾಷೆಗಳಿಗೂ ಒಂದೇ ಪಟ್ಟಿಯಾದ ಯುನಿಕೋಡ್ ಮೂಲಕ. ಹಳೆಯ ರೀತಿಯಲ್ಲಿ ಬರೆದ ಉಪಕರಣಕ್ಕೆ 'ಗೌರಮ್ಮನ ಮದುವೆ' ಅಂತ ಹೆಸರಿಟ್ಟ ಫೈಲು ಕೊಟ್ಟರೆ ಅದಕ್ಕೆ ಸಿಗುವುದು ಪ್ರಶ್ನೆ ಚಿಹ್ನೆಗಳ ಸಾಲು. ಫೈಲು ಕಣ್ಣೆದುರೇ ಇದೆ, ಅದು ಇಲ್ಲ ಅನ್ನುತ್ತದೆ. ಯುನಿಕೋಡ್ ಬರೆದಿಡುವ ಒಂದು ಬಗೆಯಾದ ಯುಟಿಎಫ್-8 ಅನ್ನೇ ತನ್ನ ಕೋಡ್ ಪೇಜ್ ಎಂದು ಪ್ರೋಗ್ರಾಂ ಹೇಳಿಕೊಳ್ಳಲು ವಿಂಡೋಸ್ ಬಿಟ್ಟದ್ದು 2019ರಲ್ಲಿ. ಕನ್ನಡದಲ್ಲಿ ಹೆಸರಿಡುವವರಿಗೆ ಇಂಗ್ಲಿಷಿನಲ್ಲೇ ಇಡಿ ಅಂತ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಫೈಲನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಸಂಖ್ಯೆಯ ಹೆಸರಿಗೆ ನಕಲು ಮಾಡಿ, ಕೆಲಸ ಮುಗಿದ ಮೇಲೆ ಕನ್ನಡದ ಹೆಸರನ್ನೇ ವಾಪಸ್ ಕೊಡುವ ಹಾಗೆ ಬರೆದೆ. ನಾಲ್ಕು ಸಾಲು ಜಾಸ್ತಿ ಆಯಿತು, ಅಷ್ಟೇ.

ಈಗ ಆ ಅಂಗಡಿಯಲ್ಲಿ ಕಪ್ಪು ವಿಂಡೋ ಬರುವುದಿಲ್ಲ. ಅದರ ಬದಲು ಎಷ್ಟನೇ ಪುಟ ನಡೆಯುತ್ತಿದೆ ಅಂತ ಕನ್ನಡದಲ್ಲಿ ಕಾಣುತ್ತದೆ. ನಿಲ್ಲಿಸಲು ಒಂದು ಬಟನ್ ಇದೆ. ಉಪಕರಣ ತಪ್ಪಾಯಿತು ಅಂತ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಹಿಂತಿರುಗಿಸಿದರೆ ಆ ಪುಟ ಕೆಂಪಾಗುತ್ತದೆ, ಒತ್ತಿದರೆ ಅದು ಹೇಳಿದ ಮಾತು ಪೂರ್ತಿ ತೆರೆದುಕೊಳ್ಳುತ್ತದೆ. ಹೋದ ವಾರ ಮಾಲೀಕರು ಮತ್ತೆ ಫೋನ್ ಮಾಡಿದ್ದರು. "ಸಾರ್, ಹದಿನೇಳನೇ ಪುಟ ಕೆಂಪಗಾಗೈತೆ. ಸ್ಕ್ಯಾನೇ ಸರಿಯಾಗಿ ಬಂದಿಲ್ಲ ಅನ್ಸುತ್ತೆ, ಇನ್ನೊಂದ್ಸಾರಿ ಹೊಡಿಲಾ?"