ಚಿನ್ನದ ಮೇಲೆ ಬಾಗಿ ನಿಲ್ಲುವ ಅಣುಗಳು

ಅಡುಗೆಮನೆಯಲ್ಲಿ ಗ್ಯಾಸ್ ಸೋರಿದಾಗ ಮೂಗಿಗೆ ಬಡಿಯುವ ಕೆಟ್ಟ ವಾಸನೆ ನಿಜಕ್ಕೂ ಗ್ಯಾಸಿನದಲ್ಲ. ಸೋರಿಕೆ ಗೊತ್ತಾಗಲೆಂದೇ ಅದಕ್ಕೆ ಬೆರೆಸಿದ ಈಥೈಲ್ ಮರ್ಕಾಪ್ಟನ್‌ನದು. ಎರಡು ಇಂಗಾಲದ ಪುಟ್ಟ ಅಣು, ತುದಿಯಲ್ಲೊಂದು ಗಂಧಕ. ಇಂಥ ಅಣುಗಳ ಕುಟುಂಬಕ್ಕೆ ಥಯಾಲ್ ಎಂದು ಹೆಸರು. ಇದೇ ಕುಟುಂಬದಲ್ಲಿ ಹನ್ನೆರಡು, ಹದಿನೆಂಟು ಇಂಗಾಲಗಳ ಉದ್ದನೆಯ ಬಾಲ ಇರುವವೂ ಇವೆ. ಅವು ಚಿನ್ನದ ಮೇಲೆ ಮಾಡುವ ಕೆಲಸ ನನಗೆ ಇವತ್ತಿಗೂ ಬೆರಗು.

ಗಾಳಿ, ನೀರು ಯಾವುದಕ್ಕೂ ಜಗ್ಗದ ಚಿನ್ನ ಗಂಧಕಕ್ಕೆ ಒಲಿಯುತ್ತದೆ. 1983ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಾಲ್ಫ್ ನುಝೋ ಮತ್ತು ಡೇವಿಡ್ ಅಲಾರಾ, ಡೈಸಲ್ಫೈಡ್ ಎಂಬ ಗಂಧಕದ ಸಂಯುಕ್ತಗಳ ದ್ರಾವಣದಲ್ಲಿ ಚಿನ್ನವನ್ನು ಅದ್ದಿದರೆ ಒಂದೇ ಅಣುವಿನಷ್ಟು ದಪ್ಪದ ಪದರ ತಾನಾಗಿ ಕೂರುತ್ತದೆಂದು ತೋರಿಸಿದರು. ಥಯಾಲ್‌ಗಳೂ ಹಾಗೇ ಕೂರುತ್ತವೆ. ವಿಧಾನ ಬಹಳ ಸರಳ: ಆಲ್ಕೊಹಾಲಿನಲ್ಲಿ ತುಸುವೇ ಥಯಾಲ್ ಕರಗಿಸಿ, ಚಿನ್ನ ಲೇಪಿಸಿದ ಗಾಜಿನ ಚೂರನ್ನು ರಾತ್ರಿಯಿಡೀ ಮುಳುಗಿಸಿಡುವುದು. ಹೆಪ್ಪು ಹಾಕಿಟ್ಟ ಹಾಲಿನಂತೆ, ಬೆಳಿಗ್ಗೆ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಆ ರಾತ್ರಿ ಒಳಗೆ ಏನಾಗುತ್ತದೆ? ಜಾಗವೆಲ್ಲ ಹೆಚ್ಚುಕಡಿಮೆ ಮೊದಲ ಕೆಲವು ನಿಮಿಷಗಳಲ್ಲೇ ಭರ್ತಿ. ಉಳಿದ ಗಂಟೆಗಳೆಲ್ಲ ಹೊಂದಿಸಿಕೊಳ್ಳುವುದಕ್ಕೆ. ಮದುವೆ ಊಟದ ಪಂಕ್ತಿಯಲ್ಲಿ ಮೊದಲು ಅಡ್ಡಾದಿಡ್ಡಿ ಕೂತವರು ಆಚೀಚೆ ಸರಿದು ಸಾಲಾಗುವುದನ್ನು ನೋಡಿದ್ದೀರಲ್ಲ, ಹಾಗೆ. ಗಂಧಕ ಚಿನ್ನವನ್ನು ಗಟ್ಟಿಯಾಗಿ ಹಿಡಿದಿದ್ದರೂ ಮೇಲ್ಮೈ ಮೇಲೆ ಜಾರಬಲ್ಲದು. ತಪ್ಪು ಜಾಗಕ್ಕೆ ಬಿದ್ದ ಅಣು ಅಲ್ಲೇ ಕಚ್ಚಿಕೊಂಡು ಕೂರುವುದಿಲ್ಲ. ಕೋಣೆಯ ಬಿಸಿಯೇ ಅದನ್ನು ಅಲುಗಾಡಿಸುತ್ತದೆ, ಅಕ್ಕಪಕ್ಕದ ಬಾಲಗಳ ಸೆಳೆತ ಸಾಲಿಗೆ ತರುತ್ತದೆ. ತಿದ್ದಿಕೊಳ್ಳಲು ಅವಕಾಶ ಇರುವುದರಿಂದಲೇ ಕ್ರಮ ಮೂಡುತ್ತದೆ. ಸರಿಯಲಾಗದಂತೆ ಅಂಟಿಬಿಟ್ಟಿದ್ದರೆ ಬರೀ ಗೊಂದಲ ಉಳಿಯುತ್ತಿತ್ತು.

ಮೇಲಿನ ಪರಮಾಣುಗಳು ಜೇನುಗೂಡಿನ ಕಣಗಳಂತೆ ಒತ್ತೊತ್ತಾಗಿ ಜೋಡಿಸಿಕೊಂಡಿರುವ ಚಿನ್ನದ ಮುಖದಲ್ಲಿ ಪರಮಾಣುಗಳ ನಡುವಿನ ಅಂತರ 0.288 ನ್ಯಾನೊಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೊಮೀಟರ್). ಅಲ್ಲಿ ಗಂಧಕಗಳು ಸುಮಾರು 0.5 ನ್ಯಾನೊಮೀಟರಿಗೆ ಒಂದರಂತೆ ನೆಲೆಯಾಗುತ್ತವೆ. ಇಂಗಾಲದ ಬಾಲ ಅದಕ್ಕಿಂತ ತೆಳ್ಳಗೆ. ನೆಟ್ಟಗೆ ನಿಂತರೆ ನಡುವೆ ಸಂದು ಉಳಿದು ಸೆಳೆತ ಸಾಲದಾಗುತ್ತದೆ. ಆದ್ದರಿಂದ ಎಲ್ಲವೂ ಒಂದೇ ದಿಕ್ಕಿಗೆ ಸುಮಾರು 30 ಡಿಗ್ರಿ ಬಾಗಿ ಸಂದು ಮುಚ್ಚಿಕೊಳ್ಳುತ್ತವೆ, ಗಾಳಿಗೆ ಒಂದೇ ಕಡೆ ವಾಲಿದ ಭತ್ತದ ಪೈರಿನಂತೆ. ಒಂದು ಚದರ ಸೆಂಟಿಮೀಟರಿನಲ್ಲಿ ಇಂಥ ಅಣುಗಳು ಸುಮಾರು 460 ಲಕ್ಷ ಕೋಟಿ!

ಹದಿನೆಂಟು ಇಂಗಾಲದ ಪದರವೂ ಎರಡು ನ್ಯಾನೊಮೀಟರಿಗಿಂತ ಹೆಚ್ಚೇನೂ ದಪ್ಪವಿಲ್ಲ. ಆದರೂ ಅದು ಚಿನ್ನದ ಸ್ವಭಾವವನ್ನೇ ಬದಲಿಸುತ್ತದೆ. ಬಾಲದ ತುದಿಯಲ್ಲಿ ಮೀಥೈಲ್ ಗುಂಪಿದ್ದರೆ (ಒಂದು ಇಂಗಾಲ, ಮೂರು ಜಲಜನಕ) ನೀರು ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ನಿಲ್ಲುತ್ತದೆ. ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಇದ್ದರೆ ಹರಡಿಕೊಳ್ಳುತ್ತದೆ. ಡಿಎನ್‌ಎ ಎಳೆಯ ತುದಿಗೂ ಗಂಧಕ ಜೋಡಿಸಿ ಚಿನ್ನದ ಮೇಲೆ ನಿಲ್ಲಿಸಬಹುದು. ಎಷ್ಟೋ ಜೈವಿಕ ಸಂವೇದಕಗಳ ಬುನಾದಿ ಇದೇ.

ಚೂಪು ಸೂಜಿಮೊನೆಯಿಂದ ಮೇಲ್ಮೈಯ ಏರುತಗ್ಗುಗಳನ್ನು ಪರಮಾಣು ಮಟ್ಟದಲ್ಲಿ ಅರಿಯುವ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದಲ್ಲಿ ಈ ಪದರವನ್ನು ನೋಡಿದವರಿಗೆ ಅಚ್ಚುಕಟ್ಟಾದ ಸಾಲುಗಳ ನಡುವೆ ಕಪ್ಪು ಗುಳಿಗಳೂ ಕಂಡವು. ಅಣುಗಳು ಬಾರದೆ ಬಿಟ್ಟ ಜಾಗಗಳಲ್ಲ ಅವು. ಅಲ್ಲಿ ಚಿನ್ನವೇ ಒಂದು ಪರಮಾಣುವಿನಷ್ಟು ತಗ್ಗಿತ್ತು, ಆ ತಗ್ಗಿನೊಳಗೂ ಥಯಾಲ್‌ಗಳು ಸಾಲಾಗಿ ನಿಂತಿದ್ದವು. ಗಂಧಕ ಬಂದು ಕೂತಾಗ ಮೇಲ್ಪದರದ ಚಿನ್ನವೂ ಜಾಗ ಬಿಟ್ಟು ಸರಿದಿತ್ತು.