ಓದುಗರ ಪ್ರಶ್ನೆ: ಒಂದು ತಿಂಗಳು ಚೆಂಡು ಮುಟ್ಟದಿದ್ದರೆ ಮಗಳು ಹಿಂದೆ ಬೀಳುತ್ತಾಳೆಯೇ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಎಂಟನೇ ತರಗತಿ. ಎರಡು ವರ್ಷದಿಂದ ದಾವಣಗೆರೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಯುತ್ತಿದ್ದಾಳೆ. ಈ ಸಲ ಶಾಲಾ ತಂಡದಲ್ಲಿ ಜಿಲ್ಲಾ ಮಟ್ಟದವರೆಗೆ ಆಡಿದಳು. ವಾರಕ್ಕೆ 6 ದಿನ, ದಿನಕ್ಕೆ 2 ಗಂಟೆಯಂತೆ ವರ್ಷದ 12 ತಿಂಗಳೂ ಅಭ್ಯಾಸ ನಡೆಯಬೇಕು, ಒಂದು ತಿಂಗಳು ಬಿಟ್ಟರೂ ಹಿಂದೆ ಬೀಳುತ್ತಾಳೆ ಎಂದು ತರಬೇತುದಾರರು ಹೇಳುತ್ತಾರೆ. ಇತ್ತೀಚೆಗೆ ಮೊಣಕಾಲಿನ ಕೆಳಗೆ ನೋವೆನ್ನುತ್ತಾಳೆ. ಏನು ಮಾಡಬೇಕು?

ಉತ್ತರ: ಹಿಂದೆ ಬೀಳುವುದಿಲ್ಲ. ಆದರೆ ತರಬೇತುದಾರರ ಮಾತಿನಲ್ಲಿ ಅರ್ಧದಷ್ಟು ಸತ್ಯವಿದೆ. ಅದನ್ನು ಬಿಡಿಸಿ ನೋಡಿದರೆ ಉಳಿದರ್ಧ ತಾನಾಗಿ ತಿಳಿಯುತ್ತದೆ.

ವರ್ಷವಿಡೀ ತಯಾರಿ ಬೇಕೆಂಬುದು ನಿಜ. ವರ್ಷವಿಡೀ ಒಂದೇ ಬಗೆಯ ತಯಾರಿ ಬೇಕೆಂದುಕೊಂಡಲ್ಲಿ ಮಾತು ದಾರಿ ತಪ್ಪುತ್ತದೆ. ನಮ್ಮ ಜಿಲ್ಲೆಯ ಮೆಕ್ಕೆಜೋಳದ ರೈತ ಕಟಾವು ಮುಗಿದ ಮೇಲೆ ಹೊಲವನ್ನು ಮರೆಯುವುದಿಲ್ಲ, ಹಾಗೆಂದು ಮರುದಿನವೇ ಮತ್ತೆ ಬಿತ್ತುವುದೂ ಇಲ್ಲ; ಮಾಗಿ ಉಳುಮೆ ಮಾಡಿ, ಮಣ್ಣು ಬಿಸಿಲು ಕುಡಿಯಲೆಂದು ಬಿಡುತ್ತಾನೆ. ಬೆಳೆಯುವ ಮಗುವಿನ ಆಟಕ್ಕೂ ಮಾಗಿ ಉಳುಮೆಯ ಕಾಲವೊಂದಿರಬೇಕು. ನಮ್ಮಲ್ಲಿ ಬಹಳಷ್ಟು ಕಡೆ ಇಲ್ಲದಿರುವುದು ಅದೇ.

ಆಟ ನಿಲ್ಲಿಸಿದರೆ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಪೂರ್ತಿ ಸುಮ್ಮನೆ ಕುಳಿತರೆ ಎರಡರಿಂದ ನಾಲ್ಕು ವಾರಗಳಲ್ಲಿ ದಮ್ಮು ಇಳಿಯತೊಡಗುತ್ತದೆ. ಸ್ನಾಯುಗಳ ಬಲ ಹೆಚ್ಚುಕಡಿಮೆ ಒಂದು ತಿಂಗಳವರೆಗೆ ಅಷ್ಟಾಗಿ ಕುಂದುವುದಿಲ್ಲ. ಕೈಗೆ ಕೂತ ವಿದ್ಯೆ, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವ ಡ್ರಿಬಲ್, ಓಡಿಬಂದು ಬುಟ್ಟಿಯ ಪಕ್ಕದಿಂದ ಚೆಂಡು ಹಾಕುವ ಲೇಅಪ್‌ನ ಹೆಜ್ಜೆಗಳು, ಚೆಂಡು ಬಿಡುವಾಗ ಮಣಿಕಟ್ಟು ಮಡಿಯುವ ರೀತಿ, ಇವು ಸೈಕಲ್ ಸವಾರಿಯಂತೆ ಉಳಿದೇ ಇರುತ್ತವೆ. ಇಳಿದ ದಮ್ಮು ಕೆಲವು ವಾರಗಳ ಓಟದಿಂದ ಮರಳಿ ಬರುತ್ತದೆ. ಅಲ್ಲದೆ ಆಟಕ್ಕೆ ಬಿಡುವು ಎಂದರೆ ಮಂಚದ ಮೇಲೆ ಮೊಬೈಲ್ ಹಿಡಿದು ಕೂರುವುದೆಂದು ಯಾರೂ ಹೇಳಿಲ್ಲ. ಆ ತಿಂಗಳಲ್ಲಿ ಆಕೆ ಈಜಲಿ, ಖೋ ಖೋ ಆಡಲಿ, ಬೆಳಿಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ನಿಮ್ಮೊಡನೆ ಓಡಲಿ. ದಮ್ಮೂ ಉಳಿಯುತ್ತದೆ, ಆಟದ ಹಸಿವೂ ಮರಳುತ್ತದೆ.

ಇನ್ನು ಲೆಕ್ಕದ ಮಾತು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಮತ್ತು ಅಲ್ಲಿನ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ವೈದ್ಯರೊಡನೆ ಕೂಡಿ ಮಕ್ಕಳಿಗಾಗಿ ರೂಪಿಸಿದ ಮಾರ್ಗಸೂಚಿಯ ಪ್ರಕಾರ 12ರಿಂದ 14 ವರ್ಷದವರಿಗೆ ವಾರಕ್ಕೆ ಗರಿಷ್ಠ 10 ಗಂಟೆ, ಕನಿಷ್ಠ ಒಂದು ದಿನ ಪೂರ್ಣ ಬಿಡುವು, ಮತ್ತು 14 ತುಂಬುವವರೆಗೆ ಒಂದೇ ಆಟಕ್ಕೆ ಕಟ್ಟಿಹಾಕದಿರುವುದು ಒಳ್ಳೆಯದು. ನಿಮ್ಮ ಮಗಳ ವೇಳಾಪಟ್ಟಿ 12 ಗಂಟೆಯಾಯಿತು. ಶಾಲೆಯ ಆಟದ ಅವಧಿಯನ್ನೂ ಭಾನುವಾರದ ಪಂದ್ಯವನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಇನ್ನೊಂದು ಸಲಹೆ ಕೊಟ್ಟಿತು: ತಮ್ಮ ಮುಖ್ಯ ಆಟದಿಂದ ಮಕ್ಕಳು ವರ್ಷದಲ್ಲಿ ಒಟ್ಟು 3 ತಿಂಗಳು, ಒಂದೊಂದು ತಿಂಗಳಂತೆ ಬಿಡಿಬಿಡಿಯಾಗಿ, ದೂರವಿರಬೇಕು.

ಮೂರು ತಿಂಗಳು ಎಂದೊಡನೆ ಗಾಬರಿಯಾಗುವುದು ಸಹಜ. ಆದರೆ ನಮ್ಮ ಶಾಲಾ ವರ್ಷವನ್ನು ಎದುರಿಗಿಟ್ಟುಕೊಂಡರೆ ಆ ಮೂರು ತಿಂಗಳು ಹೆಚ್ಚುಕಡಿಮೆ ತಾವೇ ಸಿಗುತ್ತವೆ. ಮಾರ್ಚ್ ಪರೀಕ್ಷೆಯ ತಿಂಗಳು. ಮೇ ತಿಂಗಳಲ್ಲಿ ಮಧ್ಯಾಹ್ನದ ಸಿಮೆಂಟ್ ಅಂಕಣ ಕಾದ ಹೆಂಚಿನಂತಾಗಿರುತ್ತದೆ, ಮಕ್ಕಳ ಮನಸ್ಸೂ ಅಜ್ಜಿಯ ಊರಿನಲ್ಲಿರುತ್ತದೆ. ಶಾಲಾ ಪಂದ್ಯಾವಳಿಗಳ ಭರಾಟೆ ಮುಗಿದ ಮೇಲೆ ಬರುವ ನವೆಂಬರ್ ಮೂರನೆಯದು. ಸಮಸ್ಯೆ ಏನೆಂದರೆ, ಮಾರ್ಚ್‌ನ ಬಿಡುವನ್ನು ನಾವು ಆಟಕ್ಕೆ ಬಂದ ಗ್ರಹಚಾರವೆಂದು ನೋಡುತ್ತೇವೆ, ಮೇ ತಿಂಗಳನ್ನು ಬೇಸಿಗೆ ಶಿಬಿರಕ್ಕೆ ಬರೆದುಕೊಡುತ್ತೇವೆ, ನವೆಂಬರ್‌ನಲ್ಲಿ ಸೋತ ಸಿಟ್ಟಿಗೆ ಎರಡರಷ್ಟು ಓಡಿಸುತ್ತೇವೆ.

ಸೋಲಿನ ಈ ಸಿಟ್ಟಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಗಳ ನಿಜವಾದ ತೊಡಕು ಇರುವುದು ಅಲ್ಲಿಯೇ. ಅಮೆರಿಕದ ಆ ಮಾರ್ಗಸೂಚಿಗಳು ವಾರಾಂತ್ಯಕ್ಕೆ ನಾಲ್ಕೈದು ಪಂದ್ಯ ಆಡುವ ಮಕ್ಕಳನ್ನು ಕಂಡು ಬರೆದಂಥವು. ನಮ್ಮ ಶಾಲಾ ಕ್ರೀಡಾಕೂಟ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ ಏರುವ ನಾಕೌಟ್ ಏಣಿ. ಮೊದಲ ಮೆಟ್ಟಿಲಲ್ಲಿ ಜಾರಿದ ತಂಡಕ್ಕೆ ಆ ವರ್ಷದ ಆಟ ಒಂದೇ ಪಂದ್ಯಕ್ಕೆ ಮುಗಿಯಿತು. ವರ್ಷವಿಡೀ ಬೆವರು ಸುರಿಸಿದ ಹತ್ತು ಹುಡುಗಿಯರಲ್ಲಿ ನಾಲ್ವರು ಆ ಪಂದ್ಯದಲ್ಲಿ ಅಂಕಣಕ್ಕೇ ಇಳಿದಿರುವುದಿಲ್ಲ. ಅತ್ತ, ಚೆನ್ನಾಗಿ ಆಡುವ ಒಬ್ಬಿಬ್ಬರು ಶಾಲೆಗೂ ಕ್ಲಬ್ಬಿಗೂ ದಸರಾ ಕ್ರೀಡಾಕೂಟಕ್ಕೂ, ಎತ್ತರ ಇದ್ದಾರೆಂಬ ಕಾರಣಕ್ಕೆ ವಾಲಿಬಾಲ್ ತಂಡಕ್ಕೂ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಉಸಿರು ಬಿಡದೆ ಆಡುತ್ತಾರೆ. ಒಂದೇ ತಂಡದಲ್ಲಿ ಹಸಿದವರೂ ಅಜೀರ್ಣವಾದವರೂ ಇದ್ದಾರೆ, ಎಲ್ಲರಿಗೂ ಒಂದೇ ವೇಳಾಪಟ್ಟಿ. ಜಿಲ್ಲಾ ಮಟ್ಟದವರೆಗೆ ಆಡಿದ ನಿಮ್ಮ ಮಗಳು ಈ ಎರಡನೆಯ ಗುಂಪಿನವಳಿರಬೇಕು. ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತ ಹುಡುಗಿಗೆ ಬಿಡುವಿನ ಅಗತ್ಯ ಅಷ್ಟಿಲ್ಲ, ಪಂದ್ಯದ ಅಗತ್ಯವಿದೆ. ಊರಿನ ಮೂರ್ನಾಲ್ಕು ಶಾಲೆಗಳು ಸೇರಿಕೊಂಡು ಡಿಸೆಂಬರ್‌ನಲ್ಲಿ ಪ್ರತಿ ಶನಿವಾರ ಎಲ್ಲರೂ ಎಲ್ಲರೊಡನೆ ಆಡುವಂತೆ ಸಣ್ಣ ಲೀಗ್ ನಡೆಸಿದರೆ ಸಾಕು, ಟ್ರೋಫಿ, ಶಾಮಿಯಾನ ಯಾವುದೂ ಬೇಡ. ಅಷ್ಟು ಆಟಗಾರ್ತಿಯರು ಸಿಗದಿದ್ದರೆ ಮೂವರು ಮೂವರ ಆಟವಿದೆ: ಅರ್ಧ ಅಂಕಣ, ಒಂದು ಬುಟ್ಟಿ, 10 ನಿಮಿಷ ಅಥವಾ 21 ಅಂಕ. ಟೋಕಿಯೊ ಒಲಿಂಪಿಕ್ಸ್‌ನಿಂದ ಅದು ಒಲಿಂಪಿಕ್ ಆಟವೂ ಆಗಿದೆ. ಐವರ ಆಟದಲ್ಲಿ ಚೆಂಡೇ ಸಿಗದವಳಿಗೂ ಅಲ್ಲಿ ಹೆಜ್ಜೆಹೆಜ್ಜೆಗೂ ಚೆಂಡು ಸಿಗುತ್ತದೆ.

ಹಾಗಾದರೆ ಮಾಗಿಯ ಕಾಲದಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಏನು ಮಾಡಬೇಕು? ನನ್ನ ಮಟ್ಟಿಗೆ ಇಡೀ ವರ್ಷದಲ್ಲಿ ಕಲಿಕೆಗೆ ಹದವಾದ ಕಾಲ ಇದೇ. ಪಂದ್ಯದ ಒತ್ತಡವಿಲ್ಲದ್ದರಿಂದ ತಪ್ಪು ಮಾಡಲು ಅವಕಾಶವಿದೆ, ತಪ್ಪು ಮಾಡದೆ ಹೊಸದು ಬರುವುದಿಲ್ಲ. ಬಲಗೈ ಹುಡುಗಿ ಎಡಗೈಯಲ್ಲಿ ಲೇಅಪ್ ಕಲಿಯಬೇಕಾದದ್ದು ಈಗ. ಚೆಂಡು ಎಸೆಯುವ ಶೈಲಿಯನ್ನು ಬಿಚ್ಚಿ ಮರಳಿ ಕಟ್ಟಬೇಕಾದದ್ದೂ ಈಗ. ನಮ್ಮ ಮಕ್ಕಳಲ್ಲಿ ಅನೇಕರು ಸೊಂಟದಿಂದ ಚೆಂಡನ್ನು ಮೇಲಕ್ಕೆ ತೂರುತ್ತಾರೆ, ಅದಕ್ಕೆ ಅವರನ್ನು ಬೈದು ಉಪಯೋಗವಿಲ್ಲ. ಒಂಬತ್ತು ವರ್ಷದ ಮಗುವಿನ ಕೈಗೆ ದೊಡ್ಡ ಗಂಡಸರ ಏಳನೇ ಅಳತೆಯ, ಸುಮಾರು 600 ಗ್ರಾಂ ತೂಗುವ ಚೆಂಡು ಕೊಟ್ಟು, 3.05 ಮೀಟರ್ ಎತ್ತರದ ಬುಟ್ಟಿ ತೋರಿಸಿದರೆ ಅದು ಬೇರೆ ಹೇಗೆ ಎಸೆದೀತು? ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿಯ ಎತ್ತರ 2.60 ಮೀಟರ್, ಚೆಂಡು ಐದನೇ ಅಳತೆಯದು. ನಿಮ್ಮ ಮಗಳಿಗೆ ಈಗ ಬೇಕಾದದ್ದು ಆರನೇ ಅಳತೆಯ ಚೆಂಡು, ಮಹಿಳೆಯರ ಎಲ್ಲ ಪಂದ್ಯಗಳಿಗೂ ಅದೇ. ಮೈದಾನದಲ್ಲಿ ಏಳನೆಯದು ಮಾತ್ರ ಇದ್ದರೆ ನೀವೇ ಒಂದನ್ನು ಕೊಡಿಸಿ. ಒಂದು ಜೊತೆ ದುಬಾರಿ ಶೂಗಿಂತ ಅದರಿಂದ ಆಗುವ ಉಪಕಾರ ದೊಡ್ಡದು. ಬುಟ್ಟಿಯಿಂದ ಎರಡು ಹೆಜ್ಜೆ ದೂರ ನಿಂತು, ಒಂದೇ ಕೈಯಲ್ಲಿ, ದಿನಕ್ಕೆ 100 ಬಾರಿ ಎಸೆಯಲಿ. ಫ್ರೀ ಥ್ರೋ ಗೆರೆಗೆ ಹೋಗಲು ಅವಸರವಿಲ್ಲ, 6.75 ಮೀಟರಿನ ಮೂರಂಕದ ಗೆರೆಯನ್ನಂತೂ ಸದ್ಯಕ್ಕೆ ಮರೆತುಬಿಡಿ.

ಬಲವರ್ಧನೆಯ ಕೆಲಸಕ್ಕೂ ಇದೇ ಸಮಯ. ಗರಡಿಮನೆಗಳ ಊರಾದ ದಾವಣಗೆರೆಯವರಿಗೆ ಬಸ್ಕಿ, ದಂಡಗಳನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಭಾರ ಎತ್ತಿದರೆ ಮಕ್ಕಳ ಎತ್ತರ ನಿಲ್ಲುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಬಲ್ಲವರು ಎದುರಿಗಿದ್ದು ಕ್ರಮ ತಿದ್ದುತ್ತಿದ್ದರೆ ಸಾಕು. ಹುಡುಗಿಯರ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಜಿಗಿದು ಇಳಿಯುವಾಗ ಮೊಣಕಾಲುಗಳು ಒಳಗೆ ವಾಲಿದರೆ ಮೂಳೆಗಳನ್ನು ಬಿಗಿದಿಡುವ ಒಳಗಿನ ಕಟ್ಟು, ಆಟಗಾರರು ಎಸಿಎಲ್ ಎಂದು ಕರೆಯುವುದು, ಹರಿಯುವ ಅಪಾಯವಿದೆ. ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಪಟ್ಟಿಗೂ ಹೆಚ್ಚು. ಪ್ರತಿ ಅಭ್ಯಾಸದ ಮೊದಲು 15 ನಿಮಿಷ, ಸುಮ್ಮನೆ ಸುತ್ತು ಓಡುವ ಬದಲು, ಒಂಟಿಕಾಲಿನ ಸಮತೋಲನ, ಮೃದುವಾಗಿ ಇಳಿಯುವುದು, ಓಟದಿಂದ ಗಕ್ಕನೆ ನಿಲ್ಲುವುದು ಇವನ್ನು ಮಾಡಿಸಿದರೆ ಆ ಅಪಾಯ ಗಣನೀಯವಾಗಿ ತಗ್ಗುತ್ತದೆ.

ಈಗ ಮೊಣಕಾಲಿನ ನೋವು. ನಾನು ಆಡುತ್ತಿದ್ದ ದಿನಗಳಲ್ಲಿ ಇಂಥದೇ ನೋವಿಗೆ ಸಿಕ್ಕ ಚಿಕಿತ್ಸೆ ಎಣ್ಣೆ ತಿಕ್ಕಿಕೊಂಡು ಇನ್ನೂ ಹತ್ತು ಸುತ್ತು ಓಡುವುದಾಗಿತ್ತು. ಒಂದಿಡೀ ವರ್ಷ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದೆ. ಹುಡುಗಿಯರು ಸಾಮಾನ್ಯವಾಗಿ 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಮೂಳೆ ಬೆಳೆದಷ್ಟು ಬೇಗ ತೊಡೆಯ ಸ್ನಾಯು ಹೊಂದಿಕೊಳ್ಳುವುದಿಲ್ಲ, ಪ್ರತಿ ಜಿಗಿತದಲ್ಲೂ ಅದು ಮೊಣಚಿಪ್ಪಿನ ಕೆಳಗಿನ ಎಳೆಯ ಮೂಳೆಯ ಗುಬುಟನ್ನು ಜಗ್ಗುತ್ತದೆ. ಆಸ್‌ಗುಡ್ ಶ್ಲಾಟರ್ ಎಂಬುದು ಈ ನೋವಿನ ವೈದ್ಯಕೀಯ ಹೆಸರು. ನಿಮ್ಮ ಮಗಳದ್ದು ಅದೇ ಎಂದು ಇಲ್ಲಿ ಕುಳಿತು ಹೇಳಲಾಗದು, ಮೂಳೆ ವೈದ್ಯರಿಗೆ ತೋರಿಸಿ. ಅದೇ ಆಗಿದ್ದರೆ ಬೆಳವಣಿಗೆ ನಿಂತೊಡನೆ ಸಾಮಾನ್ಯವಾಗಿ ಶಮನವಾಗುತ್ತದೆ, ಆದರೆ ಅಲ್ಲಿಯವರೆಗೆ ಜಿಗಿತದ ಎಣಿಕೆ ಇಳಿಸಲೇಬೇಕು. ನಮ್ಮ ಅಂಕಣಗಳು ಮರದವಲ್ಲ, ಸಿಮೆಂಟಿನವು. ಇಳಿದ ಪೆಟ್ಟೆಲ್ಲ ಕಾಲಿಗೇ ವಾಪಸು ಬರುತ್ತದೆ. ಪ್ರತಿ ತಿಂಗಳ ಒಂದನೇ ತಾರೀಕು ಬಾಗಿಲ ಚೌಕಟ್ಟಿಗೆ ಅವಳನ್ನು ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಗಳ ನಡುವಿನ ಅಂತರ ದಿಢೀರನೆ ಹೆಚ್ಚಾದ ತಿಂಗಳುಗಳಲ್ಲಿ ಜಿಗಿತ ಕಡಿಮೆ, ಎಸೆತ ಹೆಚ್ಚು.

ಊಟ, ನಿದ್ದೆಯ ಬಗ್ಗೆ ಎರಡೇ ಮಾತು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಐದಕ್ಕೆ ಎಬ್ಬಿಸುವುದಾದರೆ ರಾತ್ರಿ ಒಂಬತ್ತಕ್ಕೆ ಟ್ಯೂಷನ್ ಮುಗಿಯುವಂತಿಲ್ಲ. ಅಭ್ಯಾಸದ ನಂತರದ ಮಂಡಕ್ಕಿಯನ್ನು ಬಿಡಿಸಬೇಕಾಗಿಲ್ಲ, ಮಿರ್ಚಿಯ ಜಾಗಕ್ಕೆ ಶೇಂಗಾ, ಮೊಳಕೆಕಾಳು ಅಥವಾ ಮೊಟ್ಟೆ ಬರಲಿ. ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ದಮ್ಮು ಸಾಲದೆಂದು ಓಡಿಸುವ ಮೊದಲು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷಿಸಿ, ಶಾಲೆಯಲ್ಲಿ ಕೊಡುವ ವಾರದ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ನುಂಗುತ್ತಾಳೋ ಜೇಬಿಗಿಳಿಸುತ್ತಾಳೋ ವಿಚಾರಿಸಿ.

ತರಬೇತುದಾರರೊಡನೆ ಜಗಳ ಬೇಡ. ಅವರಿಗೂ ಫಲಿತಾಂಶದ ಒತ್ತಡವಿದೆ, ಬಹಳಷ್ಟು ಕಡೆ ಒಬ್ಬರೇ ನಲವತ್ತು ಮಕ್ಕಳನ್ನು ನೋಡಬೇಕು. ವಾರಕ್ಕೆ 6 ದಿನದ ಬದಲು 4 ದಿನ ಅಂಕಣದಲ್ಲಿ, ಒಂದು ದಿನ ಬಲವರ್ಧನೆಗೆ, ಎರಡು ದಿನ ಬಿಡುವು ಎಂದು ಕೇಳಿ ನೋಡಿ. ವೈದ್ಯರ ಚೀಟಿ ಕೈಯಲ್ಲಿದ್ದರೆ ಮಾತು ಸಲೀಸಾಗುತ್ತದೆ. ಇನ್ನೆರಡು ವರ್ಷಕ್ಕೆ ಎಸ್‌ಎಸ್‌ಎಲ್‌ಸಿ ಬಂದಾಗ ಇದೇ ಮಾತು ನಿಮ್ಮ ಕಡೆಗೆ ತಿರುಗುತ್ತದೆ. ಆಗ ಪೂರ್ತಿ ಆಟ ಬಿಡಿಸುವವರು ತಂದೆತಾಯಿಯರೇ, ಹಾಗೆ ಬಿಟ್ಟವರಲ್ಲಿ ಮರಳಿ ಬರುವವರು ಕಡಿಮೆ. ಆ ವರ್ಷ ವಾರಕ್ಕೆ ಎರಡು ಸಂಜೆ, ಮುಕ್ಕಾಲು ಗಂಟೆಯಂತೆ ಆಕೆಗೆ ಬಿಟ್ಟುಕೊಡುತ್ತೀರೆಂದು ಈಗಲೇ ಮಾತು ಕೊಟ್ಟಿಡಿ.