ಏಜಾಕ್ಸ್ ಹೋಗಿ ಅಶ್ವತ್ಥಾಮ ಬಂದ: ನಾನು ಎಡವಿದ ಪಾಠದ ಟಿಪ್ಪಣಿ

ಹೊರದೇಶದ ನಾಟಕಗಳು ಕನ್ನಡ ರಂಗಕ್ಕೆ ಬಂದ ಕಥೆ ನಮ್ಮ ಸೆಮಿಸ್ಟರಿನ ಒಂದು ಪಾಠ. ಕಿರುಪರೀಕ್ಷೆಯಲ್ಲಿ ನಾನು ಬಿ.ಎಂ. ಶ್ರೀ ಬರೆದ ‘ಗದಾಯುದ್ಧ ನಾಟಕಂ’ ಗ್ರೀಕ್ ನಾಟಕದ ಅನುವಾದ ಅಂತ ಬರೆದೆ. ಮೇಷ್ಟ್ರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು: ‘ಹಾಗಾದರೆ ರನ್ನ ಎಲ್ಲಿ ಹೋದ?’ ನೀವೂ ಅಲ್ಲೇ ಜಾರಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತ ಸುಲಭ. 19ನೇ ಶತಮಾನದ ಕೊನೆಯಲ್ಲಿ ಶೇಕ್ಸ್‌ಪಿಯರ್ ಬಂದದ್ದು ನಮ್ಮ ವೇಷ ತೊಟ್ಟು. ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ ‘ಒಥೆಲೋ’ ನಾಟಕ ‘ಶೂರಸೇನ ಚರಿತ್ರೆ’ ಆಯಿತು. ಎಂ.ಎಲ್. ಶ್ರೀಕಂಠೇಶಗೌಡರ ಕೈಯಲ್ಲಿ ‘ಮ್ಯಾಕ್‌ಬೆತ್’ ‘ಪ್ರತಾಪರುದ್ರದೇವ’ ಆಯಿತು. ಮುಂದೆ ಕುವೆಂಪು ‘ಹ್ಯಾಮ್ಲೆಟ್’ ಕಥೆಯನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು. ಇದಕ್ಕೆ ರೂಪಾಂತರ ಅನ್ನುತ್ತಾರೆ.

ಈಗ ಬಿ.ಎಂ. ಶ್ರೀ. ಇವರು ಹುಟ್ಟಿದ್ದು ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರಲ್ಲಿ. ಗುಬ್ಬಿ ನಾಟಕ ಕಂಪನಿ ಶುರುವಾದದ್ದೂ ಅದೇ ವರ್ಷ. ಒಂದು ಇಸವಿ ನೆನಪಿಟ್ಟರೆ ಎರಡು ಉತ್ತರ, ತುಮಕೂರಿನವರಿಗೆ ಇದು ಬೋನಸ್!

ಗ್ರೀಕ್ ನಾಟಕಕ್ಕೆ ಸೇರಿದ ಹಾಗೆ ಅವರವು ಮೂರು. ‘ಗದಾಯುದ್ಧ ನಾಟಕಂ’ 1926, ‘ಅಶ್ವತ್ಥಾಮನ್’ 1929, ‘ಪಾರಸಿಕರು’ 1935. ಇವು ನನಗೆ ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಕೊನೆಗೆ ಒಂದು ಉಪಾಯ ಹೊಳೆಯಿತು. ಎರಡೇ ಪ್ರಶ್ನೆ ಕೇಳಿ: ಕಥೆ ಯಾರದು? ಜನ ಯಾರು?

ಗದಾಯುದ್ಧದಲ್ಲಿ ಕಥೆಯೂ ನಮ್ಮದೇ, ಜನವೂ ನಮ್ಮವರೇ. ರನ್ನನ ಕಾವ್ಯವನ್ನು ಗ್ರೀಕ್ ದುರಂತ ನಾಟಕದ ಅಚ್ಚಿಗೆ ಹೊಯ್ದದ್ದು. ಅಚ್ಚು ಮಾತ್ರ ಅವರದು. ಅಶ್ವತ್ಥಾಮನ್‌ನಲ್ಲಿ ಕಥೆಯ ನಡೆ ಸೋಫೋಕ್ಲೀಸ್ ಬರೆದ ‘ಏಜಾಕ್ಸ್’ ನಾಟಕದ್ದು, ಜನ ಮಹಾಭಾರತದವರು. ಪಾರಸಿಕರು ನಾಟಕದಲ್ಲಿ ಕಥೆಯೂ ಅವರದು, ಜನವೂ ಅವರದೇ. ಅದು ಈಸ್ಕಿಲಸ್ ಬರೆದದ್ದರ ಅನುವಾದ. ಸಲಾಮಿಸ್ ಕಡಲ ಯುದ್ಧದಲ್ಲಿ ಸೋತ ಪರ್ಷಿಯನ್ನರ ಗೋಳು. ಬಿ.ಎಂ. ಶ್ರೀ ಪ್ರತಿ ಸಲ ಒಂದೊಂದು ಹೆಜ್ಜೆ ಗ್ರೀಸಿನ ಕಡೆಗೆ ಹೋಗಿದ್ದಾರೆ, ನೋಡಿ. ಹೀಗೆ ಹಿಡಿದುಕೊಂಡರೆ ಇಸವಿಗಳ ಕ್ರಮವೂ ತಪ್ಪುವುದಿಲ್ಲ.

ನಾನು ನಿಜವಾಗಿ ಸಿಕ್ಕಿಬಿದ್ದದ್ದು ನಡುವಿನ ನಾಟಕದಲ್ಲಿ. ನಮ್ಮ ತಾತ ಊರಿನ ಕುರುಕ್ಷೇತ್ರ ನಾಟಕದಲ್ಲಿ ಪಾತ್ರ ಕಟ್ಟಿದವರು. ಅವರಿಗೆ ಕಥೆ ಹೇಳಿದೆ. ಕೊನೆಗೆ ಬಂದಾಗ ತಡೆದರು. “ಅಶ್ವತ್ಥಾಮ ಸಾಯೋದುಂಟೇನವ್ವಾ? ಅವನು ಚಿರಂಜೀವಿ ಕಣವ್ವಾ!” ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರಕ್ಕೆ ಏಜಾಕ್ಸ್ ಕಥೆ ಗೊತ್ತಿರಬೇಕು. ಟ್ರಾಯ್ ಯುದ್ಧದಲ್ಲಿ ಗ್ರೀಕರ ಮಹಾವೀರ ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೇ ಬರಬೇಕು ಅಂತ ಏಜಾಕ್ಸ್ ನಂಬಿದ್ದ. ಅವು ಒಡಿಸ್ಯೂಸ್ ಪಾಲಾದವು. ಸಿಟ್ಟಿಗೆದ್ದು ರಾತ್ರೋರಾತ್ರಿ ತನ್ನ ಕಡೆಯ ನಾಯಕರನ್ನೇ ಕೊಲ್ಲಲು ಹೊರಟ. ಅಥೀನಾ ದೇವತೆ ಅವನ ಬುದ್ಧಿ ಕೆಡಿಸಿದಳು. ಅವನು ಕಡಿದು ಹಾಕಿದ್ದು ದನ, ಕುರಿಗಳನ್ನು. ಭ್ರಮೆ ಇಳಿದ ಮೇಲೆ ನಾಚಿಕೆ ತಡೆಯಲಾರದೆ, ಕತ್ತಿಯನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಬಿದ್ದ.

ಈಗ ಮಹಾಭಾರತ ನೆನೆಸಿಕೊಳ್ಳಿ. ಅಲ್ಲೂ ರಾತ್ರಿ, ಅಲ್ಲೂ ಸೇಡು, ಅಲ್ಲೂ ಆಗಬಾರದ ಕೊಲೆ. ಮಲಗಿದ್ದ ಉಪಪಾಂಡವರನ್ನು, ಅಂದರೆ ಪಾಂಡವರ ಮಕ್ಕಳನ್ನು, ಅಶ್ವತ್ಥಾಮ ಕೊಂದ. ಜೋಡಿ ಇಲ್ಲಿಯವರೆಗೆ ಚೆನ್ನಾಗಿ ಕೂಡುತ್ತದೆ. ಕೂಡದೇ ಇರುವುದು ಕೊನೆ. ವ್ಯಾಸರ ಅಶ್ವತ್ಥಾಮ ಹಣೆಯ ಮಣಿ ಕಳೆದುಕೊಂಡು, ಶಾಪ ಹೊತ್ತು ಮೂರು ಸಾವಿರ ವರ್ಷ ಅಲೆಯಬೇಕು. ಆ ಅಲೆದಾಟಕ್ಕೆ ರಂಗದ ಮೇಲೆ ತೆರೆ ಎಳೆಯುವುದು ಹೇಗೆ? ಏಜಾಕ್ಸ್ ಅಚ್ಚು ಕೇಳುವುದು ವೀರ ತನ್ನ ಕೈಯಿಂದಲೇ ಮುಗಿಯುವುದನ್ನು. ಬಿ.ಎಂ. ಶ್ರೀ ಅಚ್ಚಿನ ಮಾತು ಕೇಳಿದರು, ಪುರಾಣದ ಮಾತು ಬಿಟ್ಟರು. ಹಾಗಾಗಿ ಅವರ ಅಶ್ವತ್ಥಾಮ ಸಾಯುತ್ತಾನೆ. ಇದರ ಬಗ್ಗೆ ವಿಮರ್ಶಕರು ತಕರಾರು ಎತ್ತಿದ್ದಾರೆ. ತಾತನದೂ ಅದೇ ತಕರಾರು, ಓದದೆಯೇ! ನನ್ನ ಮಟ್ಟಿಗೆ, ಸಾಯದೆ ಅಲೆಯುವುದೇ ಜಾಸ್ತಿ ಘೋರ. ಆದರೆ ಪರೀಕ್ಷೆಯಲ್ಲಿ ಎರಡೂ ಕಡೆ ಬರೆಯಿರಿ.

ಉಳಿದದ್ದು ಬೇಗ ಮುಗಿಸುತ್ತೇನೆ. ಕೋಲಾರದವರು ವೇಷ ಬದಲಿಸುವ ಗೋಜಿಗೆ ಹೋಗಲಿಲ್ಲ. ಮುಳಬಾಗಿಲಿನ ಡಿ.ವಿ.ಜಿ. 1936ರಲ್ಲಿ ‘ಮ್ಯಾಕ್‌ಬೆತ್’ ಅನುವಾದಿಸಿದರು, ಹೆಸರೂ ಅದೇ. ಮಾಲೂರು ತಾಲ್ಲೂಕಿನ ಮಾಸ್ತಿ ‘ಲಿಯರ್ ಮಹಾರಾಜ’ ಕೊಟ್ಟರು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಲಂಕೇಶರು ಅನುವಾದಿಸಿದ ‘ಈಡಿಪಸ್’ ಆಡಿಸಿದವರು ಬಿ.ವಿ. ಕಾರಂತರು. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿ ಪಳಗಿದವರು ಅವರು.

ಇನ್ನೊಂದು ಪದ ಬಾಕಿ: ಮೇಳ. ಗ್ರೀಕ್ ನಾಟಕದಲ್ಲಿ ಒಂದು ಗುಂಪು ನಿಂತು ಹಾಡುತ್ತದೆ, ಮರುಗುತ್ತದೆ, ಪಾತ್ರಗಳಿಗೆ ಬುದ್ಧಿ ಹೇಳುತ್ತದೆ. ನೋಟ್ಸಿನ ವ್ಯಾಖ್ಯೆ ನನ್ನ ತಲೆಗೆ ಹತ್ತಲಿಲ್ಲ. ನಮ್ಮ ಕಡೆಯ ಬಯಲಾಟ ಮೂಡಲಪಾಯದ ಭಾಗವತ, ಹಿಮ್ಮೇಳ ನೆನೆಸಿಕೊಂಡೆ, ಅರ್ಧ ಅರ್ಥವಾಯಿತು. ಪೂರ್ತಿ ಅದೇ ಅಂತ ಬರೆದರೆ ಅಂಕ ಹೋಗುತ್ತದೆ, ಯಾಕೆಂದರೆ ಗ್ರೀಕ್ ಮೇಳದವರು ಸುಮ್ನೆ ಕಥೆ ನಡೆಸುವವರಲ್ಲ, ಅವರೂ ಕಥೆಯೊಳಗಿನ ಜನ. ಏಜಾಕ್ಸ್ ನಾಟಕದಲ್ಲಿ ಅವನ ಸ್ವಂತ ನಾವಿಕರೇ ಮೇಳ. ಒಡೆಯ ಸತ್ತರೆ ತಮ್ಮ ಗತಿ ಏನು ಅನ್ನುವ ಹೆದರಿಕೆಯಲ್ಲಿ ಹಾಡುತ್ತಾರೆ.

ಇದನ್ನೂ ತಾತನಿಗೆ ಹೇಳಿದೆ. ಚಿರಂಜೀವಿ ವಿಷಯ ಅವರು ಇನ್ನೂ ಒಪ್ಪಿಲ್ಲ. ಆದರೆ ಹಾಡು ಅಂದ ತಕ್ಷಣ ಎದ್ದು ಕೂತರು. “ಅದಿರಲಿ, ಆ ಹಡಗಿನೋರ ಹಾಡು ಯಾವ ರಾಗದಲ್ಲಿ ಕೂರಿಸೋರು?”